ಬಡತನದ ಮೂಲವೆಲ್ಲಿ?

ಬಡವನು ಬಡವನಾಗಿಯೇ ಉಳಿಯುವುದು ಅವನ ಮನಸ್ಸಿನ ಜಾಡ್ಯದಿಂದೆಂದು ಕೆಲವರೂ, ಉಳ್ಳವರು ಹೀರುವುದರಿಂದೆಂದು ಮತ್ತೆ ಕೆಲವರೂ ವಾದಿಸುವುದನ್ನು ವಾಚಕರು ಕೇಳಿಯೇ ಇರುವರು. ಹಿತೋಪದೇಶವನ್ನು ಓದಿ ಬೆಳೆದ ನಾನು ಬಹುಕಾಲ ಮೊದಲನೆಯ ಪಕ್ಷದವನಾಗಿದ್ದೆನು. ಆ ಅಭಿಪ್ರಾಯವನ್ನು ತಿದ್ದಿದವನು ನನ್ನ ಶಿಷ್ಯನೊಬ್ಬನು.

ನಮ್ಮ ಟೇಕಲ್ಲಿನ ಸುತ್ತಲೂ ಬಂಡೆಗುಡ್ಡಗಳಿವೆಯಷ್ಟೆ. ಅವುಗಳನ್ನು ಸೀಳಿ ಚಪ್ಪಡಿ, ಕಂಬ, ಜಲ್ಲಿಗಳನ್ನು ಮಾಡಿ ಜೀವಿಸುವವರಲ್ಲಿ ಭೋವಿ ಜನರು ಬಹಳ. ಅಂತಹ ಮನೆಯ ಹುಡುಗನೊಬ್ಬನು, ಲೆಕ್ಕದಲ್ಲಿ ಬಲು ಚುರುಕಾಗಿದ್ದವನು, ಏಳನೆಯ ತರಗತಿಯಲ್ಲಿ ಪದೇ ಪದೇ ಶಾಲೆ ತಪ್ಪಿಸತೊಡಗಿದನು. "ಸೋಮಾರಿ" ಎಂದು ಎಲ್ಲರೆದುರು ಜರೆದೆನು. ತಲೆ ತಗ್ಗಿಸಿ ನಿಂತವನು ಮರುದಿನದಿಂದ ಬರಲೇ ಇಲ್ಲ. ಮನೆಗೆ ಹೋಗಿ ವಿಚಾರಿಸಲು ನಿಜ ತಿಳಿಯಿತು. ಅಕ್ಕನ ಮದುವೆಗೆಂದು ತಂದೆಯು ಕ್ವಾರಿಯ ಯಜಮಾನನಿಂದ ಮುಂಗಡ ಪಡೆದಿದ್ದನು. ಕಲ್ಲಿನ ಧೂಳು ಕುಡಿದು ಎದೆ ಕೆಟ್ಟು ಅವನು ಮಲಗಿದಮೇಲೆ ಸಾಲದ ಹೊರೆ ಮಗನ ಹೆಗಲಿಗೆ ಬಿದ್ದಿತು. ಹೊತ್ತು ಮೂಡುವ ಮೊದಲೇ ಸುತ್ತಿಗೆ ಹಿಡಿಯುತ್ತಿದ್ದವನನ್ನು ನಾನು ಸೋಮಾರಿಯೆಂದಿದ್ದೆನು!

ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯು ಇಲ್ಲೇಕೆ ಸುಳ್ಳಾಯಿತು? ಮುಂಗಡವು ತೀರುವವರೆಗೆ ಆಳು ಹೆಚ್ಚು ಕೂಲಿ ದೊರೆಯುವ ಕಡೆಗೆ ಹೋಗಲಾರನು. ಹೋಗಲಾರದವನಿಗೆ ಯಜಮಾನನು ಕೊಟ್ಟದ್ದೇ ಕೂಲಿ. ಆ ಅಲ್ಪ ಕೂಲಿಯಿಂದ ಸಾಲವು ತೀರದು. ಈ ಚಕ್ರವನ್ನು ಮುರಿಯಲೆಂದೇ 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆಯಾಯಿತು. ಅದರಂತೆ ಜೀತದ ಸಾಲವು ಅಳಿದುಹೋಗುವುದು. ಜೀತ ಮಾಡಿಸಿದವನಿಗೆ 3 ವರ್ಷಗಳವರೆಗೆ ಸೆರೆವಾಸ. ಹರಿಯಾಣದ ಕಲ್ಲುಕ್ವಾರಿಗಳ ಕೂಲಿಕಾರರ ಮೊಕದ್ದಮೆಯಲ್ಲಿ, ಇಂತಹವರನ್ನು ಗುರುತಿಸಿ ಬಿಡಿಸುವುದು ಸರ್ಕಾರದ ಕರ್ತವ್ಯವೆಂದು ಸುಪ್ರೀಂ ಕೋರ್ಟು 1983ರಲ್ಲಿ ತೀರ್ಪಿತ್ತಿತು.

ಹಾಗಾದರೆ ಮನಸ್ಸಿನ ದೋಷವು ಇಲ್ಲವೇ ಇಲ್ಲವೆ? ಉಂಟು. ಹೆಂಡವೂ ಆಡಂಬರದ ಮದುವೆಗಳೂ ಮನೆಗಳನ್ನು ಹಾಳುಮಾಡುವುದು ಸತ್ಯ. ಆದರೆ ತಮಿಳುನಾಡಿನ ಕಬ್ಬಿನ ರೈತರನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು ನೋಡಿರಿ. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರೇ ಹಣ ಬಂದ ಬಳಿಕ ಮೇಲಾಗಿ ಉತ್ತರಿಸಿದರು. ಮನುಷ್ಯರು ಅವರೇ, ಇಳಿದದ್ದು ಚಿಂತೆಯ ಭಾರ. ಆದಕಾರಣ ಮನೋದೌರ್ಬಲ್ಯವು ಎಷ್ಟೋ ವೇಳೆ ಬಡತನದ ಕಾರಣವಲ್ಲ, ಅದರ ಕಾರ್ಯ.

ಗೃಹಸ್ಥರಾದ ನಾವು ಉದ್ಯಮವನ್ನು ಉಪದೇಶಿಸುವ ಮೊದಲು ಎದುರಿಗಿರುವವನ ಕಾಲಿಗೆ ಹಗ್ಗವಿದೆಯೇ ಎಂದು ನೋಡಬೇಕು. ನಮ್ಮ ಮನೆಯ ಆಳುಕಾಳುಗಳಿಗೆ ಕೊಟ್ಟ ಮುಂಗಡವು ಅಂತಹ ಹಗ್ಗವಾಗದಂತೆಯೂ ಎಚ್ಚರವಹಿಸಬೇಕು.

ಆ ಶಿಷ್ಯನ ಮಗಳು ಈಗ ಹತ್ತನೆಯ ತರಗತಿಯಲ್ಲಿರುವಳು. ಮೊನ್ನೆ ಸ್ಟೇಷನ್ನಿನ ಬಳಿ ಸಿಕ್ಕಿದವನು, "ಇವಳ ಓದು ಮುಗಿಯುವ ತನಕ ಒಂದು ಕಾಸು ಮುಂಗಡ ಮುಟ್ಟೋದಿಲ್ಲ, ಮೇಷ್ಟ್ರೇ" ಎಂದನು. ಈ ಬಾರಿ ತಲೆ ತಗ್ಗಿಸಿದವನು ನಾನು.