ನಗರದ ನಕ್ಷೆಯೂ ನಮ್ಮವರ ನೆಲೆಯೂ

ಮುಂಬಯಿಯಂತಹ ಮಹಾನಗರದಲ್ಲಿ ದುಡಿದು ಬದುಕುವ ನಮ್ಮ ಬಂಧುಗಳಿಗೆ ಅನ್ನದ ಚಿಂತೆಗಿಂತಲೂ ನೆಲೆಯ ಚಿಂತೆ ದೊಡ್ಡದು. ಒಂದು ಹೋಟೆಲು ಬಿಟ್ಟರೆ ಇನ್ನೊಂದು ಹೋಟೆಲು ಉಂಟು. ಒಂದು ಕಛೇರಿಯಲ್ಲಿ ಗುಮಾಸ್ತೆಯ ಕೆಲಸ ತಪ್ಪಿದರೆ ಇನ್ನೊಂದರಲ್ಲಿ ಸಿಕ್ಕೀತು. ಆದರೆ ರಾತ್ರಿ ಹಾಸಿಗೆ ಬಿಡಿಸುವಷ್ಟು ಜಾಗವು, ಕೆಲಸದ ಸ್ಥಳಕ್ಕೆ ಸಮೀಪದಲ್ಲಿ, ಸಂಬಳಕ್ಕೆ ಎಟಕುವ ಬಾಡಿಗೆಗೆ ದೊರೆಯುವುದು ಬಲು ದುರ್ಲಭ. ಇಂತಹ ಜಾಗ ಯಾವ ಕೇರಿಯಲ್ಲಿ ಇರಬಹುದು, ಯಾವ ಕೇರಿಯಲ್ಲಿ ಇರಕೂಡದು ಎಂಬುದನ್ನು ತೀರ್ಮಾನಿಸುವವರು ಯಾರು? ಮನೆಯೊಡೆಯನೊಬ್ಬನೇ ಅಲ್ಲ. ಮಹಾನಗರ ಪಾಲಿಕೆಯಲ್ಲಿರುವ ಒಂದು ನಕ್ಷೆಯೂ ಅದಕ್ಕೆ ಜೋಡಿಸಿದ ನಿಯಮಗಳ ಪುಸ್ತಕವೂ ಇದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಆ ನಕ್ಷೆಯನ್ನು ಕಣ್ಣಿಂದ ಕಂಡವರು ನಮ್ಮವರಲ್ಲಿ ವಿರಳ. ಅದು ಬದಲಾಗುವಾಗ ಮಾತಾಡುವ ಹಕ್ಕು ತಮಗೂ ಉಂಟೆಂದು ಅರಿತವರು ಇನ್ನೂ ವಿರಳ. ಈ ಹಕ್ಕಿನ ವಿಚಾರವನ್ನೇ ನಾವು ಇಂದು ವಾಚಕರ ಮುಂದಿಡಬಯಸುತ್ತೇವೆ.

ನಕ್ಷೆಯೆಂದರೇನು?

ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಹಾಗೂ ನಗರ ಯೋಜನಾ ಕಾಯಿದೆ ಜಾರಿಯಲ್ಲಿದೆ. ಈ ಕಾಯಿದೆಯ ಮೇರೆಗೆ ಪ್ರತಿಯೊಂದು ನಗರವೂ ತನ್ನ ಅಭಿವೃದ್ಧಿ ಯೋಜನೆಯ ನಕ್ಷೆಯನ್ನು ಸಿದ್ಧಪಡಿಸಿ, ಸರಕಾರದ ಮಂಜೂರಾತಿ ಪಡೆಯತಕ್ಕದ್ದು. ಇದರಲ್ಲಿ ನಗರದ ನೆಲವನ್ನೆಲ್ಲ ವಿಭಾಗಗಳಾಗಿ ವಿಂಗಡಿಸುತ್ತಾರೆ. ಇದು ವಸತಿಗೆ, ಇದು ವ್ಯಾಪಾರಕ್ಕೆ, ಇದು ಕೈಗಾರಿಕೆಗೆ ಎಂದು ಗೊತ್ತುಪಡಿಸುತ್ತಾರೆ. ಅದರೊಳಗೆ ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಆಟದ ಬಯಲುಗಳಿಗೆಂದು ಕೆಲವು ನಿವೇಶನಗಳನ್ನು ಕಾದಿರಿಸುತ್ತಾರೆ. ಇನ್ನು ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬುದಕ್ಕೂ ಲೆಕ್ಕವುಂಟು. ಅದನ್ನೇ ಜನ ಎಫ್‌ಎಸ್‌ಐ ಎನ್ನುವುದು. 1000 ಚದರ ಅಡಿಯ ನೆಲಕ್ಕೆ ಒಂದು ಎಫ್‌ಎಸ್‌ಐ ಇದ್ದರೆ ಎಲ್ಲ ಮಾಳಿಗೆಗಳೂ ಕೂಡಿ 1000 ಚದರ ಅಡಿ ಕಟ್ಟಬಹುದು. ಮೂರು ಇದ್ದರೆ 3000 ಕಟ್ಟಬಹುದು. ನೆಲ ಅಷ್ಟೇ, ಬೆಲೆ ಮಾತ್ರ ಬೇರೆ. ಆದುದರಿಂದಲೇ ಈ ಪುಸ್ತಕದ ಒಂದೊಂದು ಅಂಕೆಯ ಹಿಂದೆಯೂ ಹಣವುಳ್ಳವರು ಕಣ್ಣಿಟ್ಟು ಕಾದಿರುತ್ತಾರೆ.

ಬೃಹನ್ಮುಂಬಯಿಯ ಮೊದಲನೆಯ ನಕ್ಷೆ 1964ರಲ್ಲಿ ಸಿದ್ಧವಾಗಿ 1967ರಲ್ಲಿ ಮಂಜೂರಾಯಿತು. ಎರಡನೆಯದರ ನಿಯಮಗಳು 1991ರಲ್ಲಿ ಜಾರಿಗೆ ಬಂದವು. 2034ರವರೆಗಿನ ಮೂರನೆಯ ನಕ್ಷೆಗೆ 2018ರಲ್ಲಿ ಮಂಜೂರಾತಿ ದೊರೆಯಿತು. ಎರಡು ನಕ್ಷೆಗಳ ನಡುವಣ ದೀರ್ಘಾವಧಿಯಲ್ಲಿ ಚಿಕ್ಕಪುಟ್ಟ ತಿದ್ದುಪಡಿಗಳು ಆಗಾಗ ನಡೆಯುತ್ತಲೇ ಇರುತ್ತವೆ. ಚಿಕ್ಕಪುಟ್ಟವೆಂದು ನಾವು ಬರೆದುದು ಅವುಗಳ ಗಾತ್ರವನ್ನು ನೋಡಿ ಮಾತ್ರ. ಪರಿಣಾಮವನ್ನು ನೋಡಿ ಅಲ್ಲ. ಅದಕ್ಕೆ ಗಿರಣಿಗಳ ನೆಲವೇ ಸಾಕ್ಷಿ.

ಗಿರಣಿ ನೆಲದ ಕಥೆ

ಪರೇಲು, ಲಾಲಬಾಗು, ವರಳಿ, ಭಾಯಖಳಾ ಇವೇ ಮೊದಲಾದ ಕೇರಿಗಳಲ್ಲಿ ಹಬ್ಬಿದ್ದ ಬಟ್ಟೆ ಗಿರಣಿಗಳು ಒಟ್ಟು ಸುಮಾರು 600 ಎಕರೆ ನೆಲವನ್ನು ಆವರಿಸಿಕೊಂಡಿದ್ದವು. ಗಿರಣಿಯ ಭೋಂಗಾ ಕೂಗಿದೊಡನೆ ಚಹಾದ ಪಾತ್ರೆ ಒಲೆಗೇರುತ್ತಿತ್ತೆಂದು ಆ ಕಾಲದಲ್ಲಿ ಒಲೆಯ ಮುಂದೆ ನಿಂತು ದುಡಿದ ಹಿರಿಯ ಭಟ್ಟರು ಇಂದಿಗೂ ಹೇಳುವುದುಂಟು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲುಗೊಂಡರು. ಆ ತರುವಾಯ ಹಲವಾರು ಗಿರಣಿಗಳು ಮರಳಿ ಮೊದಲಿನಂತೆ ನಡೆಯಲೇ ಇಲ್ಲ. ಗಿರಣಿ ನಿಂತ ಮೇಲೆ ಉಳಿದುದು ನೆಲ. ಅದು ಯಾರಿಗೆ ಸಲ್ಲಬೇಕು?

1991ರ ನಿಯಮಗಳಲ್ಲಿ 58ನೆಯದು ಇದಕ್ಕೆ ಉತ್ತರ ಕೊಟ್ಟಿತ್ತು. ಗಿರಣಿಯ ನೆಲವನ್ನು ಬೇರೆ ಉಪಯೋಗಕ್ಕೆ ತೆರೆಯುವಾಗ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಯಲಿಗಾಗಿ ಪಾಲಿಕೆಗೆ, ಇನ್ನೊಂದು ಪಾಲು ಸಾಮಾನ್ಯರ ಮನೆಗಳಿಗಾಗಿ ಮ್ಹಾಡಾ ಎಂಬ ಸರಕಾರಿ ವಸತಿ ಮಂಡಲಿಗೆ, ಉಳಿದುದು ಒಡೆಯನಿಗೆ ಎಂಬುದೇ ಅದರ ಸಾರ. 2001ರಲ್ಲಿ ಈ ನಿಯಮಕ್ಕೆ ತಿದ್ದುಪಡಿಯಾಯಿತು. ಪಾಲು ಮಾಡಬೇಕಾದುದು ಗಿರಣಿಯಲ್ಲಿ ಖಾಲಿ ಬಿದ್ದ ಬಯಲನ್ನು ಮಾತ್ರ. ಕಟ್ಟಡ ನಿಂತ ನೆಲವನ್ನು, ಆ ಕಟ್ಟಡವನ್ನು ಕೆಡವಿದ ಮೇಲೂ, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದಾಯಿತು.

ಇದರ ಅರ್ಥವೇನೆಂಬುದನ್ನು ನಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲೇ ನೋಡೋಣ. ಒಂದು ಗಿರಣಿಗೆ 12 ಎಕರೆ ಇದೆಯೆಂದೂ, ಅದರಲ್ಲಿ 9 ಎಕರೆಯ ಮೇಲೆ ಕಟ್ಟಡಗಳೂ 3 ಎಕರೆ ಬಯಲೂ ಇದೆಯೆಂದೂ ಇಟ್ಟುಕೊಳ್ಳಿರಿ. ಇಡೀ ನೆಲವನ್ನು ಪಾಲು ಮಾಡಿದರೆ ಬಯಲಿಗೆ ಸುಮಾರು 4 ಎಕರೆ, ಸಾಮಾನ್ಯರ ಮನೆಗಳಿಗೆ 3 ಎಕರೆಗೂ ಮಿಕ್ಕಿ ದೊರೆಯುತ್ತದೆ. ಖಾಲಿ ಬಿದ್ದುದನ್ನು ಮಾತ್ರ ಪಾಲು ಮಾಡಿದರೆ ಬಯಲಿಗೆ ಒಂದು ಎಕರೆ. ಮನೆಗಳಿಗೆ ಒಂದು ಎಕರೆಯೂ ತುಂಬದು. ಮಿಕ್ಕ 10 ಎಕರೆ ಒಡೆಯನದು. ಗಿರಣಿಯ ಒಂದು ಇಟ್ಟಿಗೆಯೂ ಅಲುಗಾಡದೆ, ಬರಿಯ ಒಂದು ವಾಕ್ಯದ ಅರ್ಥ ಬದಲಾದುದರಿಂದ ಆದ ಅಂತರವಿದು.

ಬೊಂಬಾಯಿ ಎನ್‌ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆ ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಹೋದುದು 2005ರಲ್ಲಿ. ತಿದ್ದುಪಡಿಯಾಗಿ ಆಗಲೇ ನಾಲ್ಕು ವರುಷಗಳು ಸಂದಿದ್ದವು. ಅದೇ ವರುಷ ಸರಕಾರಿ ಒಡೆತನದ ಕೆಲವು ಗಿರಣಿಗಳ ನೆಲವೂ ಮಾರಾಟವಾಯಿತು. 2005ರ ಅಕ್ಟೋಬರಿನಲ್ಲಿ ಉಚ್ಚ ನ್ಯಾಯಾಲಯವು ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಆದರೆ 2006ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, 2001ರ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾಯಿದೆಯ ಪ್ರಕಾರ ಮಾತು ಅಲ್ಲಿಗೆ ಮುಗಿಯಿತು.

ಮನೆ ಬೇಕೆಂದು ಅರ್ಜಿ ಹಾಕಿದ ಗಿರಣಿ ಕಾರ್ಮಿಕರೂ ಅವರ ವಾರಸುದಾರರೂ ಒಂದೂವರೆ ಲಕ್ಷಕ್ಕೂ ಮಿಕ್ಕಿ. 2012, 2016, 2020ರಲ್ಲಿ ಮ್ಹಾಡಾ ಚೀಟಿ ಎತ್ತಿ ಹಂಚಿದ ಮನೆಗಳು ಕೆಲವು ಸಾವಿರ ಮಾತ್ರ. ಅತ್ತ ಗಿರಣಿಗಳ ಜಾಗದಲ್ಲಿ ಕಛೇರಿಗಳೂ ಅಂಗಡಿ ಸಮುಚ್ಚಯಗಳೂ ಎದ್ದು ನಿಂತವು. ಅಲ್ಲಿಗೆ ಬಂದಿಳಿಯುವ ಜನ ಹೆಚ್ಚಿದರು; ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆ ಮಾತ್ರ ಹಳೆಯ ಅಗಲದಲ್ಲಿಯೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮಳೆ ಸುರಿಯುತ್ತಿದ್ದಾಗ ಆ ಸೇತುವೆಯ ಮೇಲೆ ಉಂಟಾದ ನೂಕುನುಗ್ಗಲಿನಲ್ಲಿ 23 ಮಂದಿ ಪ್ರಾಣ ಕಳೆದುಕೊಂಡರು. ನೆಲದ ಉಪಯೋಗವನ್ನು ಬದಲಿಸಿ, ದಾರಿಯನ್ನು ಬದಲಿಸದಿದ್ದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ಹೊಸ ಕಟ್ಟಡಗಳು ಬೇಡವೆಂದು ನಾವು ಹೇಳುವವರಲ್ಲ. ಹೋಟೆಲು ನಡೆಸಿದವರಾದ ನಮಗೆ ಕಛೇರಿಗಳು ಬಂದರೆ ಗಿರಾಕಿಗಳೂ ಬರುತ್ತಾರೆಂಬುದು ತಿಳಿಯದ್ದಲ್ಲ. ಆದರೆ ಆ ಗಿರಾಕಿಗಳಿಗೆ ಬಡಿಸುವ ಮಾಣಿ ಎಲ್ಲಿ ಮಲಗಬೇಕು? ವಿರಾರಿನಿಂದಲೋ ಕಲ್ಯಾಣದ ಆಚೆಯಿಂದಲೋ ಬಂದು, ರಾತ್ರಿ ಮೇಜು ಒರಸಿ, ಕೊನೆಯ ಲೋಕಲು ಹಿಡಿಯಲು ಓಡುವ ಹುಡುಗರನ್ನು ನಾವು ವರುಷಗಟ್ಟಲೆ ನೋಡಿದ್ದೇವೆ. ಇವರಿಗೆ ರಾತ್ರಿ ಶಾಲೆಯ ಭಾಗ್ಯವಾದರೂ ಎಲ್ಲಿಂದ ಬರಬೇಕು?

ಕಾಗದವುಳ್ಳವರು, ಕಾಗದವಿಲ್ಲದವರು

ಇನ್ನು ಹಳೆಯ ಚಾಳುಗಳ ಮಾತು. ದಕ್ಷಿಣ ಮುಂಬಯಿಯ ಸೆಸ್ ತೆರುವ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವುದಕ್ಕೆ 33ನೆಯ ನಿಯಮದ 7ನೆಯ ಉಪನಿಯಮ ಅನ್ವಯಿಸುತ್ತದೆ. 1996ರ ಜೂನ್ 13ಕ್ಕೆ ಮುಂಚಿನ ಬಾಡಿಗೆದಾರಿಕೆಗೆ ಮಾತ್ರ ಅದರಲ್ಲಿ ಮಾನ್ಯತೆ. 2034ರ ಯೋಜನೆಯ ನಿಯಮಗಳ ಮೇರೆಗೆ ಅಂತಹ ವಸತಿಯ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿಯ ಮನೆಯೂ, ಅಂಗಡಿ ಹೋಟೆಲುಗಳಿಗೆ ಮೊದಲಿದ್ದಷ್ಟೇ ವಿಸ್ತಾರವೂ ಸಲ್ಲಬೇಕು. ಆದುದರಿಂದ ಪಗಡಿಯ ಖೋಲಿಯಲ್ಲಿರುವ ಗುಮಾಸ್ತ ಬಂಧುಗಳೂ ಪಗಡಿಯ ಜಾಗದಲ್ಲಿ ಹೋಟೆಲು ನಡೆಸುವವರೂ ತಮ್ಮ ಹಳೆಯ ಬಾಡಿಗೆ ರಸೀತಿ, ವಿದ್ಯುತ್ ಬಿಲ್ಲು, ಪರವಾನಗಿ ಮೊದಲಾದವುಗಳನ್ನು ಜೋಪಾನವಾಗಿ ಇರಿಸತಕ್ಕದ್ದು. ತಂದೆಯ ಹೆಸರಿನ ರಸೀತಿಯನ್ನು ಮಗನ ಹೆಸರಿಗೆ ಮಾಡಿಸಿಕೊಳ್ಳದಿದ್ದವರು ಈಗಲೇ ಆ ಕೆಲಸಕ್ಕೆ ಕೈಹಾಕುವುದು ಲೇಸು.

ಆದರೆ ಒಂದೇ ಖೋಲಿಯಲ್ಲಿ ಎಂಟು ಹತ್ತು ಮಂದಿ ಕೂಡಿ ವಾಸಿಸುವವರ, ಹೋಟೆಲಿನ ಮಾಳಿಗೆಯ ಮೇಲೆಯೇ ಮಲಗುವವರ ಗತಿಯೇನು? ಇವರ ಹೆಸರಿನಲ್ಲಿ ರಸೀತಿ ಇಲ್ಲ. ಕಟ್ಟಡ ಕೆಡವುವಾಗ ಇವರ ಸಮ್ಮತಿಯನ್ನು ಯಾರೂ ಕೇಳರು. ಹೊಸ ಮನೆಗಳ ಪಟ್ಟಿಯಲ್ಲಿ ಇವರು ಇಲ್ಲವೇ ಇಲ್ಲ. ನಮ್ಮ ವಾಚಕರಲ್ಲಿ ಬಹುಮಂದಿ ಈ ವರ್ಗಕ್ಕೆ ಸೇರಿದವರು.

ಯಾರೇ ಆಗಲಿ ಬರೆಯಬಹುದು

ಇಂಥವರಿಗೂ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದೇ ಇದೆ. 1966ರ ಕಾಯಿದೆಯ 37ನೆಯ ಕಲಮಿನ ಮೇರೆಗೆ, ಮಂಜೂರಾದ ಯೋಜನೆಯನ್ನು ತಿದ್ದಬೇಕಾದಾಗ ಪಾಲಿಕೆಯು ರಾಜ್ಯಪತ್ರದಲ್ಲಿ ನೋಟೀಸು ಪ್ರಕಟಿಸಿ ಒಂದು ತಿಂಗಳ ಒಳಗಾಗಿ ಆಕ್ಷೇಪಗಳನ್ನೂ ಸೂಚನೆಗಳನ್ನೂ ಆಹ್ವಾನಿಸತಕ್ಕದ್ದು. ಯಾರಿಂದ? ಮನೆಯೊಡೆಯನಿಂದ ಎಂದಿಲ್ಲ, ಬಾಡಿಗೆದಾರನಿಂದ ಎಂದಿಲ್ಲ, ಮತದಾರನಿಂದ ಎಂದೂ ಇಲ್ಲ. ಯಾವನೇ ವ್ಯಕ್ತಿಯಿಂದ ಎಂದಿದೆ. ಮಾಳಿಗೆಯ ಮೇಲೆ ಮಲಗುವ ಮಾಣಿಯೂ ಈ ಮಾತಿನೊಳಗೆ ಸೇರಿದವನೇ. ಖೋಲಿಗೆ ಕಾಗದವಿಲ್ಲದವನಿಗೂ ಕಾಗದ ಬರೆಯುವ ಹಕ್ಕುಂಟು.

ಬರೆದರೆ ಆಗುವುದೇನು ಎಂದು ಕೇಳುವವರು ಇದ್ದಾರೆ. ಅವರಿಗೆ ಎರಡು ನಿದರ್ಶನ ಕೊಡುತ್ತೇವೆ. 2015ರ ಫೆಬ್ರವರಿಯಲ್ಲಿ ಪಾಲಿಕೆಯು 2034ರ ಯೋಜನೆಯ ಮೊದಲ ಕರಡನ್ನು ಪ್ರಕಟಿಸಿತು. ಇದ್ದ ಕಟ್ಟಡಗಳ ಮೇಲೆಯೇ ರಸ್ತೆಗಳನ್ನು ಗೀರಿದಂತಹ ತಪ್ಪುಗಳು ಅದರಲ್ಲಿ ತುಂಬಿದ್ದವು. ನಾಗರಿಕರಿಂದ ಹತ್ತಾರು ಸಾವಿರ ಆಕ್ಷೇಪಗಳು ಬಂದು ಬಿದ್ದವು. ಎಪ್ರಿಲಿನಲ್ಲಿಯೇ ಮುಖ್ಯಮಂತ್ರಿಗಳು ಆ ಕರಡನ್ನು ಪರಿಷ್ಕರಿಸಬೇಕೆಂದು ಆಜ್ಞಾಪಿಸಿದರು. ಪರಿಷ್ಕೃತ ಕರಡು 2016ರಲ್ಲಿ ಹೊರಬಂತು. ಎರಡನೆಯದಾಗಿ, ಈ ಯೋಜನೆ ಸಿದ್ಧವಾಗುತ್ತಿದ್ದಾಗ ಸ್ತ್ರೀಯರ ಸಂಘಟನೆಗಳು ತಮಗೆ ಬೇಕಾದುದನ್ನು ಬರೆದು ಕೇಳಿದವು. ಉದ್ಯೋಗಸ್ಥ ಮಹಿಳೆಯರ ವಸತಿಗೃಹಗಳಿಗೆಂದು ನಿವೇಶನಗಳನ್ನು ಕಾದಿರಿಸುವ ಏರ್ಪಾಡು ಯೋಜನೆಯಲ್ಲಿ ಬಂತು. ಹೋಟೆಲು ಕಾರ್ಮಿಕರಿಗೂ ಇಂತಹ ವಸತಿಗೃಹಗಳು ಬೇಕೆಂದು ನಾವು ಒಟ್ಟಾಗಿ ಕೇಳಬಾರದೇಕೆ?

ಮಾಡಬೇಕಾದುದೇನು?

ಕೆಲಸ ಕಠಿಣವಲ್ಲ. ಮೊದಲನೆಯದಾಗಿ, ನೋಟೀಸುಗಳತ್ತ ಕಣ್ಣಿಡಬೇಕು. ಅವು ಹೆಚ್ಚಾಗಿ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಸಣ್ಣ ಅಕ್ಷರಗಳಲ್ಲಿ ಬರುತ್ತವೆ. ಇದು ಗುಮಾಸ್ತ ಬಂಧುಗಳು ವಹಿಸಿಕೊಳ್ಳಬೇಕಾದ ಸೇವೆ. ಎರಡನೆಯದಾಗಿ, ಪತ್ರದಲ್ಲಿ ನೋಟೀಸಿನ ಸಂಖ್ಯೆ ಮತ್ತು ತಾರೀಕು, ನಿವೇಶನದ ಭೂಮಾಪನ ಸಂಖ್ಯೆ, ತಮ್ಮ ಆಕ್ಷೇಪ, ಅದಕ್ಕೆ ಕಾರಣ, ಅದರ ಬದಲಿಗೆ ಬೇಕಾದುದು ಇವಿಷ್ಟನ್ನು ಸ್ಪಷ್ಟವಾಗಿ ಬರೆಯಬೇಕು. ನಿಂದೆ ಬೇಡ, ಗೋಳೂ ಬೇಡ. ಒಂದು ಪುಟ ಸಾಕು. ಮೂರನೆಯದಾಗಿ, ಪತ್ರವನ್ನು ಗಡುವಿನ ಒಳಗೆ ಕೊಟ್ಟು, ಪ್ರತಿಯ ಮೇಲೆ ಕಛೇರಿಯ ಮುದ್ರೆ ಹಾಕಿಸಿಕೊಳ್ಳಬೇಕು. ನಾಲ್ಕನೆಯದಾಗಿ, ವಿಚಾರಣೆಗೆ ಕರೆ ಬಂದರೆ ತಪ್ಪದೆ ಹಾಜರಾಗಬೇಕು. ಯಾವನೋ ಒಬ್ಬನ ಪಾಳಿ ಬದಲಿಸಿ ಕಳುಹಿಸಿಕೊಡುವುದು ಹೋಟೆಲಿನ ಧಣಿಗಳಿಗೆ ದೊಡ್ಡ ಮಾತಲ್ಲ. ಇದು ಅವರ ಹಿತವೂ ಹೌದು, ಏಕೆಂದರೆ ಹತ್ತಿರದಲ್ಲಿ ನೆಲೆಯಿಲ್ಲದ ಹುಡುಗ ಬಹುಕಾಲ ಕೆಲಸದಲ್ಲಿ ನಿಲ್ಲನು.

ಪುಣೆಯ ಬಂಧುಗಳಿಗೂ ಇದೇ ಕಾಯಿದೆ ಅನ್ವಯಿಸುತ್ತದೆ. ದಿಲ್ಲಿಗೆ 1957ರ ದಿಲ್ಲಿ ಅಭಿವೃದ್ಧಿ ಕಾಯಿದೆಯೂ, ಚೆನ್ನೈಗೆ 1971ರ ತಮಿಳುನಾಡು ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯೂ ಉಂಟು. ಅಲ್ಲಿಯೂ ಯೋಜನೆ ಮಾಡುವಾಗ ಜನರ ಆಕ್ಷೇಪಗಳನ್ನು ಆಹ್ವಾನಿಸುವ ಕ್ರಮವುಂಟು. ಆಯಾ ಊರಿನ ಕನ್ನಡ ಸಂಘಗಳು ಸ್ಥಳೀಯ ವಕೀಲರಿಂದ ವಿಚಾರಿಸಿಕೊಂಡು ತಮ್ಮ ಸದಸ್ಯರಿಗೆ ತಿಳಿಸುವುದು ಉಚಿತ.

ನಮ್ಮ ಸಂಘಗಳು ನಾಟಕವನ್ನೂ ಯಕ್ಷಗಾನವನ್ನೂ ಸಂತೋಷದಿಂದ ಏರ್ಪಡಿಸುತ್ತವೆ, ಅದು ಬೇಕಾದದ್ದೇ. ಅದರೊಂದಿಗೆ ತಿಂಗಳಿಗೊಮ್ಮೆ, ರಜೆಯ ದಿನ, ಒಂದು ತಾಸಿನ ಮಟ್ಟಿಗೆ ಪಾಲಿಕೆಯ ನೋಟೀಸುಗಳನ್ನು ಓದಿ ಕನ್ನಡದಲ್ಲಿ ವಿವರಿಸುವ ಕೂಟವನ್ನೂ ನಡೆಸಲಿ. ಗುಮಾಸ್ತರು ಬರೆಯಲಿ, ಹೋಟೆಲು ಕಾರ್ಮಿಕರು ಓದಿಸಿ ಕೇಳಿ ಸಹಿ ಹಾಕಲಿ. ಮುಂದಿನ ನೋಟೀಸು ಯಾವ ಕೇರಿಯದಾಗಿದ್ದರೂ ಆ ಒಂದು ತಿಂಗಳ ಗಡುವಿನೊಳಗೆ ನಮ್ಮವರ ಪತ್ರಗಳೂ ಪಾಲಿಕೆಯ ಮೇಜಿನ ಮೇಲೆ ಇರಬೇಕೆಂಬುದೇ ನಮ್ಮ ಬಿನ್ನಹ.