ಕೂಗಿದರೆ ಕೇಳುತ್ತದೆ, ಹೇಳಿದರೆ ಕೇಳುವುದಿಲ್ಲ

ನಮ್ಮದು ಕಲಾ ಕಾಲೇಜು. ಇಲ್ಲಿ ಪ್ರಯೋಗಶಾಲೆಯಿಲ್ಲ, ನಾನಾದರೋ ಹತ್ತನೆಯ ತರಗತಿಯ ಅನಂತರ ವಿಜ್ಞಾನದ ಪುಸ್ತಕ ತೆರೆದವನಲ್ಲ. ಆದರೂ ಶಬ್ದವನ್ನೂ ಶ್ರವಣವನ್ನೂ ಕುರಿತು ನಾಲ್ಕು ಮಾತು ಬರೆಯಹೊರಟಿದ್ದೇನೆ. ಇದಕ್ಕೆ ಕಾರಣ ಆರನೆಯ ತರಗತಿಯ ನನ್ನ ತಂಗಿ. ಒಂದು ಸಂಜೆ ಅವಳು ಕೇಳಿದಳು: “ಅಣ್ಣಾ, ಕೂಗಿದ್ರೆ ಅಪ್ಪಂಗೆ ಕೇಳ್ಸುತ್ತೆ, ತಿರುಗಿ ನೋಡ್ತಾರೆ. ಏನು ಹೇಳ್ದೆ ಅಂತ ಮಾತ್ರ ಗೊತ್ತಾಗಲ್ಲ. ಯಾಕೆ?”

ನಮ್ಮ ತಂದೆಯವರು ಇಪ್ಪತ್ತಾರು ವರ್ಷಗಳಿಂದ ವಿದ್ಯುತ್ ಮಗ್ಗ ನಡೆಸುತ್ತಿದ್ದಾರೆ. ಒಮ್ಮೆ ಅಮ್ಮ ಬಾಗಿಲಿನಿಂದ “ಸಾಲದೋರು ಬಂದವ್ರೆ” ಎಂದರೆ, ಅಪ್ಪ ಒಳಗಿನಿಂದ “ಅರ್ಧ ಲೀಟರು ಹಾಕಿಸ್ಕೊ” ಎಂದರು. ನಾವೆಲ್ಲ ನಕ್ಕೆವು, ಬಂದವರು ನಗಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪನಿಗೆ ಗಮನವಿಲ್ಲವೆಂದು ರೇಗುವಷ್ಟು ವಿದ್ಯೆ ನನಗೆ ಬಂದಿತ್ತು. ತಂಗಿಯ ಪ್ರಶ್ನೆಗೆ ಉತ್ತರಿಸುವಷ್ಟು ಬಂದಿರಲಿಲ್ಲ. ಆದುದರಿಂದ ಅವಳ ಜೊತೆಯಲ್ಲಿ ನಾನೂ ಮೊದಲಿನಿಂದ ಕಲಿಯಬೇಕಾಯಿತು.

ಶಬ್ದವೆಂದರೆ ಕಂಪನ. ಬಾರಿಸಿದ ಜಾಗಟೆಯ ಅಂಚನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಬಿಗಿಯಾಗಿ ಹಿಡಿದರೆ ಸದ್ದು ನಿಲ್ಲುತ್ತದೆ. ಒಂದು ಬಟ್ಟಲಿನ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿ, ಮೇಲೆ ಚಿಟಿಕೆ ರವೆ ಉದುರಿಸಿ, ಪಕ್ಕದಲ್ಲಿ ತಟ್ಟೆಯನ್ನು ಬಡಿದೆವು. ರವೆ ಕುಣಿಯಿತು. ತಟ್ಟೆ ಹಾಳೆಯನ್ನು ಮುಟ್ಟಿರಲಿಲ್ಲ; ನಡುವೆ ಇದ್ದುದು ಗಾಳಿ ಮಾತ್ರ. ಗಾಳಿಯೇ ಇಲ್ಲದಿದ್ದರೆ? ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗೆ ಗಡಿಯಾರವನ್ನು ತೂಗುಬಿಟ್ಟು, ಗಾಳಿಯನ್ನು ಹೊರತೆಗೆದಂತೆಲ್ಲ ಅದರ ಸದ್ದು ಕ್ಷೀಣಿಸಿದುದನ್ನು 1660ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಮಿಂಚಿದ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಒಂದು ಕಿಲೋಮೀಟರು ದೂರದಲ್ಲಿದೆಯೆಂದು ತಂಗಿ ಈಗ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಸೆಕೆಂಡಿಗೆ ಎಷ್ಟು ಸಲ ಕಂಪಿಸಿತೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಎಣಿಸುತ್ತಾರೆ. ಎಳೆಯ, ಆರೋಗ್ಯವಾದ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ನಮ್ಮ ವರ್ಣಮಾಲೆಯನ್ನೇ ತೆಗೆದುಕೊಳ್ಳಿ. ಆ, ಓ ಮುಂತಾದ ಸ್ವರಗಳ ಬಲ ಬಹುಮಟ್ಟಿಗೆ 1,000 ಹರ್ಟ್ಸ್‌ಗಿಂತ ಕೆಳಗಿದೆ. ‘ಸ’ ಎಂಬಲ್ಲಿ ಹಲ್ಲಿನ ಸಂದಿಯಿಂದ ಹೊರಡುವ ಸುಯ್ಲಾದರೋ 4,000 ಹರ್ಟ್ಸ್‌ಗಿಂತ ಮೇಲಿನದು. ಅದಕ್ಕೆ ಬಲವೂ ಕಡಮೆ. ಸದ್ದಿಗೆ ಗಾತ್ರ ಕೊಡುವುದು ಸ್ವರ, ಮಾತಿಗೆ ಗುರುತು ಕೊಡುವುದು ವ್ಯಂಜನ.

ಇನ್ನು ಕಿವಿ. ನಮ್ಮ ಬಟ್ಟಲಿನ ಹಾಳೆಯಂತೆಯೇ ಒಳಗೊಂದು ತೆಳುಪೊರೆಯಿದೆ. ಅದೇ ಕಿವಿಯ ತಮಟೆ. ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ಕುದುರೆಯ ರಿಕಾಪು ಎಂದು ಆಕಾರದಿಂದ ಹೆಸರು ಪಡೆದ ಮೂರು ಮೂಳೆಗಳು. ರಿಕಾಪು ಅಕ್ಕಿಕಾಳಿಗಿಂತ ಚಿಕ್ಕದು, ದೇಹದಲ್ಲೇ ಅತಿ ಸಣ್ಣ ಮೂಳೆ. ಅಗಲವಾದ ತಮಟೆಯ ಮೇಲೆ ಬಿದ್ದ ಒತ್ತಡವನ್ನು ಇವು ಸುಮಾರು 20 ಪಟ್ಟು ಹೆಚ್ಚಿಸಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ, ದ್ರವ ತುಂಬಿದ ಒಳಗಿವಿಗೆ ದಾಟಿಸುತ್ತವೆ. ಆ ಸುರುಳಿಯ ಉದ್ದಕ್ಕೂ ಒಂದು ಪೊರೆ. ಅದರ ಮೇಲೆ ಸುಮಾರು 15,000 ರೋಮಕೋಶಗಳು. ಇವು ಬಾಗಿದಾಗಲೇ ನರಗಳಿಗೆ ಸುದ್ದಿ ಮುಟ್ಟುವುದು. ಪೊರೆಯ ಬುಡ ಗಡುಸು. ಅಲ್ಲಿ ಏರುಸ್ವರ ಕುಣಿಯುತ್ತದೆ. ತುದಿ ಮೃದು, ಅಲ್ಲಿ ತಗ್ಗುಸ್ವರ. ಅಲೆಗಳು ಈ ಪೊರೆಯ ಮೇಲೆ ಸಾಗುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಗ್ಯೋರ್ಗ್ ಫಾನ್ ಬೇಕೆಶಿಯವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕೆಟ್ಟರೆ ಮೊದಲು ಕೆಡುವುದು ಬುಡದ ಕಡೆಯ ಕೋಶಗಳೇ. ಸದ್ದಿನ ಬಲವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಮಾತುಕತೆ ಸುಮಾರು 60. ಅದಕ್ಕೆ ಹತ್ತು ಕೂಡಿದಂತೆಲ್ಲ ಶಕ್ತಿ ಹತ್ತರಷ್ಟಾಗುತ್ತದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ, ಆಮೇಲೆ ಮೂರು ಮೂರು ಏರಿದಂತೆ ಅವಧಿ ಅರ್ಧ ಅರ್ಧ, ಎಂಬುದು ತಜ್ಞರ ಲೆಕ್ಕ. 97ರಲ್ಲಿ ಉಳಿಯುವುದು ಅರ್ಧ ಗಂಟೆ. ಲಾಳಿ ಹೊಡೆಯುವ ಮಗ್ಗಗಳ ಶೆಡ್ಡಿನಲ್ಲಿ 95 ದಾಟುವುದು ಸಾಮಾನ್ಯ. ಅಪ್ಪ ಅಲ್ಲಿ ನಿಲ್ಲುವುದು ದಿನಕ್ಕೆ ಹತ್ತು ಗಂಟೆ. ಕೋಳಿಗೆ ಈ ಕೋಶಗಳು ಸತ್ತರೂ ಮತ್ತೆ ಬೆಳೆಯುತ್ತವೆಯಂತೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. (ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು, ತಮ್ಮ ಕಿವಿಯ ಹಾಡನ್ನು ನನಗೂ ಕೇಳಿಸುವ ಸಹಪಾಠಿಗಳು ಇದನ್ನು ಎರಡು ಸಲ ಓದಲಿ.)

ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅಪ್ಪನನ್ನು ಕರೆದೊಯ್ದೆ. ಪರೀಕ್ಷೆ ಮಾಡಿದವರು ಒಂದು ನಕ್ಷೆ ಕೊಟ್ಟರು. ತಗ್ಗುಸ್ವರಗಳಲ್ಲಿ ಸಮವಾಗಿ ಸಾಗಿದ ಗೆರೆ 4,000 ಹರ್ಟ್ಸ್ ಬಳಿ ಹಳ್ಳಕ್ಕೆ ಇಳಿದಿತ್ತು. ಸಾಲದವರ ಪ್ರಸಂಗ ನನಗೆ ಆಗ ಅರ್ಥವಾಯಿತು. ‘ಸಾಲ’ದಲ್ಲಿ ಸಕಾರ ಬಿದ್ದುಹೋದರೆ ಉಳಿಯುವುದು ‘ಆಲ’. ಖಾಲಿ ಜಾಗವನ್ನು ಮನಸ್ಸು ತನಗೆ ತೋಚಿದಂತೆ ತುಂಬಿಕೊಂಡು ‘ಹಾಲು’ ಎನ್ನುತ್ತದೆ. ಇಷ್ಟು ದಿನ ನಾನು ಮಾಡುತ್ತಿದ್ದುದೇನು? ಇನ್ನೂ ಗಟ್ಟಿಯಾಗಿ ಕಿರುಚುತ್ತಿದ್ದೆ. ಕಿರುಚಿದರೆ ಉಬ್ಬುವುದು ಮುಖ್ಯವಾಗಿ ಸ್ವರ. ಅದು ಅವರಿಗೆ ಮೊದಲೇ ಕೇಳುತ್ತಿತ್ತು. ಅವರಿಗೆ ತಲುಪುತ್ತಿದ್ದುದು ನನ್ನ ಸಿಟ್ಟು ಮಾತ್ರ, ಮಾತಲ್ಲ.

ಈಗ ನಾವು ಎದುರಿಗೆ, ಬೆಳಕಿನಲ್ಲಿ ಕುಳಿತು, ನಿಧಾನವಾಗಿ ಮಾತನಾಡುತ್ತೇವೆ. ತುಟಿಯ ಚಲನೆಯನ್ನು ಓದುವುದರಲ್ಲಿ ಅಪ್ಪ ನಿಪುಣರು. ಶೆಡ್ಡಿನಲ್ಲಿ ಇಷ್ಟು ವರ್ಷ ಜೊತೆಯವರೊಡನೆ ಅವರು ಮಾತನಾಡಿದ್ದೇ ಹಾಗೆ. ಉಳಿದ ಕೋಶಗಳ ರಕ್ಷಣೆಗೆಂದು ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆಗಳನ್ನು ತಂದುಕೊಟ್ಟೆ. ಎರಡು ದಿನ ಇಟ್ಟುಕೊಂಡು ತೆಗೆದರು. “ದಾರ ಕಡಿದದ್ದು ನನಗೆ ಮಗ್ಗದ ಸದ್ದಲ್ಲೇ ಗೊತ್ತಾಗ್ಬೇಕಪ್ಪ. ಇದನ್ನಿಟ್ಕೊಂಡ್ರೆ ಮಗ್ಗ ಏನು ಹೇಳ್ತಾ ಇದೆ ಅಂತ ಕೇಳಲ್ಲ” ಎಂದರು. ಇದಕ್ಕೆ ನನ್ನ ಪುಸ್ತಕಗಳಲ್ಲಿ ಉತ್ತರ ಸಿಕ್ಕಲಿಲ್ಲ. ತಂಗಿ ಬಿಡಲಿಲ್ಲ. ಬೆಳಿಗ್ಗೆ ಅವರ ಜೇಬಿಗೆ ತಾನೇ ಹಾಕಿ ಕಳಿಸುತ್ತಾಳೆ. ಸಂಜೆ ಅವುಗಳಿಗೆ ಹತ್ತಿಯ ಧೂಳು ಅಂಟಿದೆಯೋ ಇಲ್ಲವೋ ನೋಡುತ್ತಾಳೆ. ಕಳೆದ ವಾರದಲ್ಲಿ ನಾಲ್ಕು ದಿನ ಅಂಟಿತ್ತು.