ಹಳೆಯ ಗಣಕಯಂತ್ರ: ದುರಸ್ತಿಯೋ, ಹೊಸ ಖರೀದಿಯೋ?

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಕ್ಕೆ ದೊರೆಯುವ ಚರ್ಚೆ ಕಚೇರಿಯ ಗಣಕಯಂತ್ರಕ್ಕೆ ದೊರೆಯುವುದಿಲ್ಲ. ಗಣಕಯಂತ್ರ ಕೆಟ್ಟಿದೆ, ಹೊಸದು ಬೇಕು ಎಂಬ ಒಂದು ಸಾಲು ಕಾರ್ಯಸೂಚಿಯ ಕೊನೆಯಲ್ಲಿ ಬರುತ್ತದೆ. ಸದಸ್ಯರು ಒಪ್ಪಿ ಸಹಿ ಮಾಡುತ್ತಾರೆ, ಇಲ್ಲವೇ ಅನುದಾನವಿಲ್ಲವೆಂದು ಮುಂದಿನ ಸಭೆಗೆ ತಳ್ಳುತ್ತಾರೆ. ಎರಡೂ ವಿಚಾರಣೆಯಿಲ್ಲದ ತೀರ್ಮಾನಗಳೇ.

ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ಪಂಚತಂತ್ರದ ತೆರಿಗೆ ಲೆಕ್ಕ, ಇ-ಗ್ರಾಮಸ್ವರಾಜ್ ಮೂಲಕ ಹಣ ಪಾವತಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಇವೆಲ್ಲವೂ ಇಂದು ನಡೆಯುವುದು ಆ ಒಂದು ಮೇಜಿನ ಮೇಲೆ. ಉದ್ಯೋಗ ಖಾತರಿಯಡಿ ಕೆಲಸ ಕೇಳಿದವರಿಗೆ 15 ದಿನಗಳೊಳಗೆ ಕೆಲಸ ಒದಗಿಸಬೇಕು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೊರಡುವ ಕುಟುಂಬಗಳಿವೆ. ಯಂತ್ರ ಕೆಟ್ಟಿತೆಂದು ಅವರ ಬೇಡಿಕೆ ಎರಡು ವಾರ ದಾಖಲಾಗದೆ ಉಳಿದರೆ ಅವರು ಕಾದು ಕೂರುವುದಿಲ್ಲ, ಬಸ್ಸು ಹತ್ತುತ್ತಾರೆ.

ಆದುದರಿಂದ ಮೊದಲ ಪ್ರಶ್ನೆ, ಕೆಟ್ಟಿರುವುದು ಗಣಕಯಂತ್ರವೇ ಎಂಬುದು. ತಂತ್ರಾಂಶದ ಪುಟ ತೆರೆಯಲು ಐದು ನಿಮಿಷ ಹಿಡಿಯುತ್ತಿದ್ದರೆ ಅದೇ ಪುಟವನ್ನು ಅದೇ ಸಮಯದಲ್ಲಿ ಬೇರೊಂದು ಸಂಪರ್ಕದಿಂದ, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಅಲ್ಲಿಯೂ ತಡವಾದರೆ ದೋಷ ಸರ್ವರಿನದು. ಹೊಸ ಯಂತ್ರ ತಂದರೂ ಅದು ನೀಗದು. ಕೆಲಸದ ನಡುವೆ ಯಂತ್ರ ತಾನಾಗಿಯೇ ಆರಿಹೋಗುತ್ತಿದ್ದರೆ ಮೊದಲು ಯುಪಿಎಸ್ ನೋಡಬೇಕು. ಅದರೊಳಗಿನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ ಸೊರಗುತ್ತದೆ. ಕಚೇರಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಹಳೆಯ ಯಂತ್ರ ಸುಟ್ಟ ಜಾಗದಲ್ಲಿಯೇ ಹೊಸದೂ ಸುಡುತ್ತದೆ. ಇದನ್ನು ಪರೀಕ್ಷಿಸಲು ಗಣಕ ತಂತ್ರಜ್ಞನಲ್ಲ, ವಿದ್ಯುತ್ ಕೆಲಸ ಬಲ್ಲವನು ಬೇಕು.

ಇನ್ನೊಂದು ದೋಷ ನೋಡಲು ದೊಡ್ಡದು, ಸರಿಪಡಿಸಲು ಅತಿ ಅಗ್ಗ. ಬೆಳಿಗ್ಗೆ ಯಂತ್ರ ಚಾಲೂ ಮಾಡಿದಾಗ ಹಲವು ವರ್ಷ ಹಿಂದಿನ ದಿನಾಂಕ ಕಾಣುತ್ತದೆ, ಸರ್ಕಾರಿ ಜಾಲತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ, ಅಧ್ಯಕ್ಷರ ಹಾಗೂ ಪಿಡಿಒ ಅವರ ಡಿಜಿಟಲ್ ಸಹಿ ಸ್ವೀಕಾರವಾಗುವುದಿಲ್ಲ. ಯಂತ್ರ ಆರಿದ್ದಾಗಲೂ ಗಡಿಯಾರವನ್ನು ನಡೆಸುವ, ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಮುಗಿದಿದ್ದರೆ ಹೀಗಾಗುತ್ತದೆ. ಅದರ ಬೆಲೆ ನೂರು ರೂಪಾಯಿಗೂ ಕಡಿಮೆ. ಇದಕ್ಕಾಗಿ ಹೊಸ ಗಣಕಯಂತ್ರದ ಠರಾವು ಮಾಡಬೇಕಾಗಿಲ್ಲ.

ಧೂಳಿನ ಮಾತನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕರಿಮಣ್ಣಿನ ಧೂಳು, ಹತ್ತಿಯ ಕಾಲದಲ್ಲಿ ಗಾಳಿಯಲ್ಲಿ ತೇಲುವ ಎಳೆ, ಇವೆಲ್ಲ ಪೆಟ್ಟಿಗೆಯೊಳಗಿನ ಫ್ಯಾನಿಗೆ ಮೆತ್ತಿಕೊಳ್ಳುತ್ತವೆ. ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ, ಮಿತಿ ಮೀರಿದರೆ ಯಂತ್ರವನ್ನೇ ಆರಿಸುತ್ತದೆ. ಮುಂಜಾನೆ ಚುರುಕಾಗಿದ್ದು ಮಧ್ಯಾಹ್ನ ಮಂದವಾಗುವ ಯಂತ್ರ ಬಹುಪಾಲು ಇಂಥದು. ಸ್ವಚ್ಛಗೊಳಿಸಿ, ಪ್ರೊಸೆಸರಿನ ಮೇಲೆ ಒಣಗಿದ ಶಾಖವಾಹಕ ಲೇಪವನ್ನು ಬದಲಿಸಿದರೆ ಸಾಕು.

ನಿಜವಾದ ಮುಪ್ಪು ಮೊದಲು ಕಾಣುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೆ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಬಾರಿ ಸುತ್ತುತ್ತವೆ, ಸೂಜಿಯಂಥ ತಲೆಯೊಂದು ಅತ್ತಿತ್ತ ಸರಿದು ಮಾಹಿತಿಯನ್ನು ಓದುತ್ತದೆ. ವರ್ಷಗಳ ಬಳಕೆಯಿಂದಲೂ ದಿಢೀರನೆ ಕರೆಂಟು ಹೋಗುವುದರಿಂದಲೂ ಮೊದಲು ಸೋಲುವುದು ಈ ಭಾಗ. ಅದರ ಜಾಗದಲ್ಲಿ ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಹಾಕಿ, ಮೆಮೊರಿಯನ್ನು 4 ಜಿಬಿಯಿಂದ 8 ಜಿಬಿಗೆ ಏರಿಸಿದರೆ, ಚಾಲೂ ಆಗಲು ಹಲವು ನಿಮಿಷ ಹಿಡಿಯುತ್ತಿದ್ದ ಯಂತ್ರ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಕೆಲವೇ ಸಾವಿರ ರೂಪಾಯಿಗಳ ಈ ಬದಲಾವಣೆಯಷ್ಟು ಫಲ ಕೊಡುವ ದುರಸ್ತಿ ಬೇರೆ ಇಲ್ಲ. ಮದರ್‌ಬೋರ್ಡ್ ಸುಟ್ಟಿದ್ದರೆ ಮಾತು ಬೇರೆ. ಹಳೆಯ ಮಾದರಿಯ ಬೋರ್ಡ್ ಹೊಸದಾಗಿ ಸಿಗುವುದು ವಿರಳ. ಸಿಕ್ಕುವುದು ಇನ್ನೊಂದು ಹಳೆಯ ಯಂತ್ರದಿಂದ ತೆಗೆದುದು, ಅದರ ಆಯುಷ್ಯಕ್ಕೆ ಯಾರೂ ಹೊಣೆಯಲ್ಲ. ದುರಸ್ತಿಯ ದರಪಟ್ಟಿ ಹೊಸ ಯಂತ್ರದ ಬೆಲೆಯ ಅರ್ಧವನ್ನು ಮುಟ್ಟಿದರೆ ದುರಸ್ತಿಯನ್ನು ಕೈಬಿಡುವುದೇ ಲೇಸು.

ಇಷ್ಟಾದರೂ, ಚೆನ್ನಾಗಿ ಓಡುವ ಯಂತ್ರವನ್ನೂ ಬದಲಿಸಲೇಬೇಕಾದ ಸಂದರ್ಭ ಈಗ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 7ರದು 2020ರ ಜನವರಿಯಲ್ಲಿಯೇ ಮುಗಿದಿದೆ. ಸಂಸ್ಥೆಗಳು ಹಣ ಕೊಟ್ಟು ವಿಂಡೋಸ್ 10ರ ಪರಿಷ್ಕರಣೆಯನ್ನು 2028ರ ಅಕ್ಟೋಬರ್‌ವರೆಗೆ ಮುಂದುವರಿಸಿಕೊಳ್ಳಬಹುದು, ಆದರೆ ವರ್ಷದಿಂದ ವರ್ಷಕ್ಕೆ ಶುಲ್ಕ ಇಮ್ಮಡಿಯಾಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ, ಇಂಟೆಲ್ ಯಂತ್ರವಾದರೆ, ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಬೇಕು. ಎಂದರೆ 2017ಕ್ಕಿಂತ ಹಿಂದಿನ ಯಂತ್ರಗಳು ಬಹುತೇಕ ಹೊರಗುಳಿಯುತ್ತವೆ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನ ಉಚಿತ ಸಾಧನ ಇದನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಅದರ ಫಲಿತಾಂಶವನ್ನು ಮುದ್ರಿಸಿ ಸಭೆಯ ಮುಂದಿಡುವಂತೆ ಸದಸ್ಯರು ಕೇಳಬಹುದು. ಪಂಚಾಯತಿಯ ಖಾತೆಯ ಹಣ ಡಿಜಿಟಲ್ ಸಹಿಯಿಂದ ಹೊರಹೋಗುವ ಯಂತ್ರದಲ್ಲಿ ಭದ್ರತಾ ಪರಿಷ್ಕರಣೆ ನಿಂತಿರುವುದು ತಿಜೋರಿಗೆ ಬೀಗ ಹಾಕದೆ ಮನೆಗೆ ಹೋದಂತೆ. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿ ಪಾವತಿ ಕೆಲಸಕ್ಕೇ ಮತ್ತೆ ಬಳಸುವುದು ಉಳಿತಾಯವಲ್ಲ.

ಹಾಗೆಂದು ಅದನ್ನು ಎಸೆಯಬೇಕಾಗಿಯೂ ಇಲ್ಲ. ಅಂತರ್ಜಾಲದಿಂದ ಬಿಡಿಸಿ ನಡಾವಳಿ, ನೋಟಿಸುಗಳ ಬೆರಳಚ್ಚಿಗೆ ಇಟ್ಟುಕೊಳ್ಳಬಹುದು. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸಿನಂಥ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಗ್ರಂಥಾಲಯದ ಅರಿವು ಕೇಂದ್ರಕ್ಕೆ ಕೊಟ್ಟರೆ ಮಕ್ಕಳಿಗೆ ಉಪಯೋಗವಾಗುತ್ತದೆ.

ಹೊಸದನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ವಾರಂಟಿಯ ಷರತ್ತನ್ನು ಓದಬೇಕು. ತಂತ್ರಜ್ಞನು ಕಚೇರಿಗೇ ಬಂದು ಸರಿಪಡಿಸಬೇಕೆಂಬ ಷರತ್ತು ಇಲ್ಲದಿದ್ದರೆ ಸುರಪುರದ ಆಚೆಯ ಹಳ್ಳಿಯಿಂದ ಯಂತ್ರವನ್ನು ಯಾದಗಿರಿಗೋ ಕಲಬುರಗಿಗೋ ಹೊತ್ತು ತರಬೇಕಾಗುತ್ತದೆ. ಪರದೆ, ಕೀಲಿಮಣೆ, ಮುದ್ರಕ ಸುಸ್ಥಿತಿಯಲ್ಲಿದ್ದರೆ ಪೆಟ್ಟಿಗೆಯನ್ನಷ್ಟೇ ಕೊಂಡರೆ ಸಾಕು. ದರಪಟ್ಟಿಯಲ್ಲಿ ಎಲ್ಲವೂ ಸೇರಿ ಬರುವುದರಿಂದ ಇದು ಸಭೆಯ ಕಣ್ಣು ತಪ್ಪುತ್ತದೆ.

ದುರಸ್ತಿಯಿರಲಿ, ವಿಲೇವಾರಿಯಿರಲಿ, ಯಂತ್ರ ಕಚೇರಿಯ ಹೊಸ್ತಿಲು ದಾಟುವ ಮುನ್ನ ಅದರೊಳಗಿರುವುದನ್ನು ನೆನೆಯಬೇಕು. ಪಂಚತಂತ್ರದ ಲೆಕ್ಕ ಸರ್ವರಿನಲ್ಲಿ ಸುರಕ್ಷಿತ. ಆದರೆ ನುಡಿಯಲ್ಲಿ ಬೆರಳಚ್ಚಾದ ಹಳೆಯ ನಡಾವಳಿಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು, ವಸತಿ ಫಲಾನುಭವಿಗಳ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಆ ಡಿಸ್ಕಿನಲ್ಲಿಯೇ ಇರುತ್ತವೆ. ಅವುಗಳ ಪ್ರತಿಯನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಕಡತಗಳನ್ನು ಅಳಿಸುವುದರಿಂದ, ತರಾತುರಿಯ ಫಾರ್ಮ್ಯಾಟ್ ಮಾಡುವುದರಿಂದ ಅವು ನಿಜವಾಗಿ ಹೋಗುವುದಿಲ್ಲ. ಬಲ್ಲವರು ಮರಳಿ ತೆಗೆಯಬಲ್ಲರು. ಆದುದರಿಂದ ಬದಲಿಸಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಮರಳಿ ಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸಿ, ಪಿಡಿಒ ಅವರ ಬೀರುವಿನಲ್ಲಿ ಇರಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ತ್ಯಾಜ್ಯದ ಮರುಬಳಕೆಯನ್ನು ನೋಂದಾಯಿತ ಸಂಸ್ಥೆಗಳಿಗೆ ಮಾತ್ರ ವಹಿಸಿವೆ; ಕೆಟ್ಟ ಯಂತ್ರವನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಮಾರುವಂತಿಲ್ಲ.